ಮಾರಿದ್ದನ್ನು ಕಿತ್ತುಕೊಳ್ಳುವುದು ವ್ಯಾಪಾರವಲ್ಲ

2024ರ ಮಾರ್ಚ್ 31ರಂದು ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಎಂಬ ಕಾರ್ ರೇಸಿಂಗ್ ಗೇಮ್‌ನ ಸರ್ವರ್‌ಗಳನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡವರ ಕಂಪ್ಯೂಟರಿನಲ್ಲಿ, ಪ್ಲೇಸ್ಟೇಷನ್ನಿನಲ್ಲಿ, ಎಕ್ಸ್‌ಬಾಕ್ಸಿನಲ್ಲಿ ಆಟ ಹಾಗೇ ಕೂತಿತ್ತು. ಡಿಸ್ಕ್ ಕೊಂಡವರ ಕಪಾಟಿನಲ್ಲಿ ಡಿಸ್ಕೂ ಇತ್ತು. ಯಾವುದೂ ಓಡಲಿಲ್ಲ. ಅದೂ ಸಾಲದೆಂಬಂತೆ, ಮುಂದಿನ ಕೆಲವೇ ದಿನಗಳಲ್ಲಿ ಕೊಂಡವರ ಖಾತೆಗಳಿಂದ ಆಟದ ಪರವಾನಗಿಯನ್ನೇ ತೆಗೆದುಹಾಕಲಾಯಿತು. ತಮ್ಮ ಆಟಗಳ ಪಟ್ಟಿ ತೆರೆದವರಿಗೆ ‘ದಿ ಕ್ರೂ’ ನಿಷ್ಕ್ರಿಯ ಆಟಗಳ ಸಾಲಿನಲ್ಲಿ ಬೇರೆಯಾಗಿ ಕಾಣಿಸಿತು. ಜೊತೆಗೊಂದು ಸೂಚನೆ: ಈ ಆಟ ಇನ್ನು ನಿಮಗೆ ಸಿಗುವುದಿಲ್ಲ, ನಿಮ್ಮ ಸಾಹಸ ಮುಂದುವರಿಸಲು ನಮ್ಮ ಅಂಗಡಿಗೊಮ್ಮೆ ಬರಬಾರದೇ ಎಂಬ ಅರ್ಥದ್ದು.

ಗೇಮ್‌ಗಳ ಬಗ್ಗೆ ಬರೆಯುವುದು ನನ್ನ ಕಸುಬು. ಈ ಉದ್ಯಮದಲ್ಲಿ ಸಿಟ್ಟು ತರಿಸುವ ಸಂಗತಿಗಳಿಗೆ ಬರವಿಲ್ಲ. ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯಬೇಕಾದ, ಮಕ್ಕಳ ಆಸೆಯನ್ನೇ ಬಂಡವಾಳ ಮಾಡಿಕೊಂಡ ಲೂಟ್ ಬಾಕ್ಸ್‌ಗಳಿವೆ, ಬಿಡುಗಡೆಯ ದಿನ ಹತ್ತಿರ ಬಂದಂತೆ ನಿದ್ದೆಗೆಡಿಸಿ ದುಡಿಸಿಕೊಳ್ಳುವ ಸ್ಟುಡಿಯೊಗಳಿವೆ. ಆದರೂ ಆ ಒಂದು ಸೂಚನೆ ನನ್ನನ್ನು ಕಾಡಿದಷ್ಟು ಬೇರೇನೂ ಕಾಡಿಲ್ಲ. ಕಿತ್ತುಕೊಂಡ ಕೈಯೇ ಇನ್ನೊಂದನ್ನು ಮಾರಲು ಮುಂದೆ ಚಾಚಿತ್ತು. ಕಂಪನಿಗೆ ತಾನು ತಪ್ಪು ಮಾಡಿದ್ದೇನೆ ಎಂಬ ಅಳುಕೇ ಇರಲಿಲ್ಲ. ಇದು ತಪ್ಪು, ಇದನ್ನು ಕಾನೂನು ತಡೆಯಬೇಕು ಎಂಬುದು ಈ ಬರಹದ ನಿಲುವು.

‘ದಿ ಕ್ರೂ’ 2014ರ ಡಿಸೆಂಬರಿನಲ್ಲಿ ಬಂತು. ಲಿಯೊನ್ ನಗರದ ಐವರಿ ಟವರ್ ಸ್ಟುಡಿಯೊ ಅದರ ಮುಖ್ಯ ನಿರ್ಮಾತೃ. ಇಡೀ ಅಮೆರಿಕವನ್ನು ಕುಗ್ಗಿಸಿ ಒಂದೇ ನಕಾಶೆಯೊಳಗೆ ಕೂರಿಸಿದ್ದರು. ನ್ಯೂಯಾರ್ಕಿನಲ್ಲಿ ಗಾಡಿ ಹತ್ತಿ, ಬಯಲು, ಹಿಮದ ಬೆಟ್ಟ, ಮರಳುಗಾಡು ದಾಟಿ, ಎಲ್ಲೂ ನಿಲ್ಲದೆ ಪಶ್ಚಿಮದ ಸಮುದ್ರ ತಲುಪಲು ಮುಕ್ಕಾಲು ಗಂಟೆಯ ಆಸುಪಾಸು ಹಿಡಿಯುತ್ತಿತ್ತು. ಅದಕ್ಕೊಂದು ಕಥೆಯೂ ಇತ್ತು, ಒಬ್ಬರೇ ಕೂತು ಅದನ್ನು ಮೊದಲಿನಿಂದ ಕೊನೆಯವರೆಗೆ ಆಡಬಹುದಿತ್ತು. ಹಾಗೆ ಒಬ್ಬರೇ ಆಡುವಾಗಲೂ ಆಟ ಕಂಪನಿಯ ಸರ್ವರಿನ ಜೊತೆ ಮಾತಾಡುತ್ತಲೇ ಇರಬೇಕು ಎಂದು ಅದನ್ನು ಕಟ್ಟಲಾಗಿತ್ತು. ಎದುರಾಳಿಯೇ ಇಲ್ಲದ ರಸ್ತೆಯಲ್ಲಿ ಕಾರು ಓಡಿಸಲು ದೂರದ ಸರ್ವರೊಂದರ ಅಪ್ಪಣೆ ಬೇಕಿತ್ತು. ಒಂಬತ್ತು ವರ್ಷಗಳ ಬಳಿಕ ಆ ಅಪ್ಪಣೆ ನಿಂತುಹೋಯಿತು. ಆಟವನ್ನು ಅಂಗಡಿಯಿಂದ ತೆಗೆದದ್ದು 2023ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೂ ಅದನ್ನು ಮಾರಲಾಗುತ್ತಿತ್ತು.

ಕಂಪನಿ ಕೊಟ್ಟ ಕಾರಣಗಳು ಎರಡು: ಸರ್ವರ್ ವ್ಯವಸ್ಥೆಯ ಮಿತಿ ಮತ್ತು ಪರವಾನಗಿಗಳ ಮಿತಿ. ಎರಡನೆಯದನ್ನು ಮೊದಲು ನೋಡೋಣ. ನಿಜವಾದ ಕಾರುಗಳನ್ನು ಆಟದಲ್ಲಿ ತೋರಿಸಲು ಕಾರು ಕಂಪನಿಗಳ ಒಪ್ಪಿಗೆ ಬೇಕು, ಹಾಡು ಹಾಕಲು ಸಂಗೀತ ಕಂಪನಿಗಳ ಒಪ್ಪಿಗೆ ಬೇಕು, ಈ ಒಪ್ಪಂದಗಳಿಗೆ ಅವಧಿ ಇರುತ್ತದೆ. ಅವಧಿ ಮುಗಿದ ಮೇಲೆ ಹೊಸದಾಗಿ ಮಾರುವಂತಿಲ್ಲ. ಅಷ್ಟು ಸರಿ. ಆದರೆ ಮೈಕ್ರೋಸಾಫ್ಟಿನ ‘ಫೋರ್ಜಾ ಹೊರೈಜನ್ 4’ ಆಟವನ್ನೂ ಇದೇ ಬಗೆಯ ಕಾರಣಕ್ಕೆ 2024ರ ಡಿಸೆಂಬರಿನಲ್ಲಿ ಮಾರಾಟದಿಂದ ಹಿಂತೆಗೆಯಲಾಯಿತು. ಅದನ್ನು ಮೊದಲೇ ಕೊಂಡವರು ಆಮೇಲೂ ಆಡುತ್ತಿದ್ದಾರೆ. ಹಾಗಾಗಿ ಮಾರಾಟ ನಿಲ್ಲಿಸುವುದಕ್ಕೆ ಪರವಾನಗಿ ಕಾರಣವಾದೀತೇ ಹೊರತು, ಮಾರಿಯಾದದ್ದನ್ನು ಕಿತ್ತುಕೊಳ್ಳುವುದಕ್ಕೆ ಅಲ್ಲ.

ಇನ್ನು ಸರ್ವರ್. ಇದರಲ್ಲಿ ತಾಂತ್ರಿಕ ಗುಟ್ಟು ಏನೂ ಇಲ್ಲ. ಎರಡು ದಶಕದ ಹಿಂದೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸೈಬರ್ ಕೆಫೆಗಳಲ್ಲಿ ‘ಕೌಂಟರ್ ಸ್ಟ್ರೈಕ್’ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಮೂಲೆಯ ಯಂತ್ರದಲ್ಲಿ ಕೂತವನು ‘ನ್ಯೂ ಗೇಮ್’ ಒತ್ತಿ ಮ್ಯಾಪ್ ಆರಿಸುತ್ತಿದ್ದ. ಉಳಿದ ಯಂತ್ರಗಳಲ್ಲಿ ಅವನ ಹೆಸರಿನ ಸರ್ವರ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಎಲ್ಲರೂ ಅದಕ್ಕೆ ಸೇರಿಕೊಳ್ಳುತ್ತಿದ್ದರು. ಇಂಟರ್‌ನೆಟ್ ಕೈಕೊಟ್ಟರೂ ಆಟ ನಿಲ್ಲುತ್ತಿರಲಿಲ್ಲ, ಏಕೆಂದರೆ ಸರ್ವರ್ ಇದ್ದದ್ದು ಅದೇ ಕೋಣೆಯಲ್ಲಿ. ಅದಕ್ಕೂ ಹಿಂದೆ ಇಡ್ ಸಾಫ್ಟ್‌ವೇರ್ ಕಂಪನಿ 1996ರ ‘ಕ್ವೇಕ್’ ಆಟದ ಸರ್ವರ್ ಯಾರು ಬೇಕಾದರೂ ನಡೆಸಬಹುದಾದಂತೆ ಕೊಟ್ಟಿತ್ತು. 1999ರಲ್ಲಿ ಅದರ ಮೂಲ ಕೋಡನ್ನೇ ಜಗತ್ತಿಗೆ ಬಿಟ್ಟುಕೊಟ್ಟಿತು. ಅದನ್ನು ಇವತ್ತಿಗೂ ಆಡುವವರಿದ್ದಾರೆ. ಆಟಗಾರರ ಕೈಯಲ್ಲಿದ್ದ ಸರ್ವರನ್ನು ಕಂಪನಿಗಳು ತಮ್ಮ ಕೈಗೆ ತೆಗೆದುಕೊಂಡದ್ದು ಆಮೇಲೆ. ನಕಲಿ ಪ್ರತಿಗಳನ್ನು ತಡೆಯಬಹುದು, ಆಟದೊಳಗಿನ ಅಂಗಡಿಯನ್ನು ದಿನವೂ ತೆರೆದಿಡಬಹುದು ಎಂಬ ಲೆಕ್ಕ ಅದರ ಹಿಂದಿತ್ತು.

ಮನಸ್ಸಿದ್ದರೆ ಮಾರ್ಗವಿದೆ ಎಂದು ಈಗಿನ ಕಾಲದಲ್ಲೇ ತೋರಿಸಿದವರೂ ಇದ್ದಾರೆ. ‘ನಾಕೌಟ್ ಸಿಟಿ’ ಎಂಬ ಆಟ 2023ರ ಜೂನ್‌ನಲ್ಲಿ ಮುಚ್ಚಿದಾಗ ಅದನ್ನು ಮಾಡಿದ ವೆಲಾನ್ ಸ್ಟುಡಿಯೊ ಆಟಗಾರರೇ ಸ್ವಂತ ಸರ್ವರ್ ನಡೆಸಿಕೊಳ್ಳುವಂಥ ಆವೃತ್ತಿಯನ್ನು ಉಚಿತವಾಗಿ ಕೊಟ್ಟು ಹೋಯಿತು. ಅದು ದೊಡ್ಡ ಕಂಪನಿಯೇನಲ್ಲ. ಸೋನಿಯ ‘ಗ್ರಾನ್ ಟುರಿಸ್ಮೊ ಸ್ಪೋರ್ಟ್’ ಆಟದ ಸರ್ವರ್‌ಗಳು 2024ರ ಜನವರಿ ಕೊನೆಗೆ ನಿಂತವು. ಅದಕ್ಕೂ ಮುನ್ನ ಒಂದು ಅಪ್‌ಡೇಟ್ ಬಂದು ಆಟದ ಬಹುಪಾಲು ನೆಟ್ ಇಲ್ಲದೆಯೂ ನಡೆಯುವಂತಾಯಿತು. ‘ದಿ ಕ್ರೂ’ ಕಥೆಯೂ ಹೀಗೇ ಮುಗಿಯಬಹುದಿತ್ತು. ಕಂಪನಿ ಮಾಡದ್ದನ್ನು ಅಭಿಮಾನಿಗಳು ಮಾಡಿದರು. ಆಟ ಮತ್ತು ಸರ್ವರಿನ ನಡುವಿನ ಮಾತುಕತೆಯನ್ನು ಬಿಡಿಸಿ ಅರ್ಥಮಾಡಿಕೊಂಡು, ತಮ್ಮದೇ ಸರ್ವರ್ ಬರೆದು, 2025ರ ಸೆಪ್ಟೆಂಬರಿನಲ್ಲಿ ಅದನ್ನು ಮತ್ತೆ ರಸ್ತೆಗಿಳಿಸಿದರು. ಸಂಬಳವಿಲ್ಲದೆ, ಮೂಲ ಕೋಡ್ ಕೈಯಲ್ಲಿಲ್ಲದೆ ಬಿಡುವಿನ ವೇಳೆಯಲ್ಲಿ ಆದ ಕೆಲಸ, ಎಲ್ಲವನ್ನೂ ಕೈಯಲ್ಲಿಟ್ಟುಕೊಂಡ ಕಂಪನಿಗೆ ಆಗದು ಎಂದರೆ ನಂಬುವುದು ಹೇಗೆ? ಗದ್ದಲ ಎದ್ದ ಮೇಲೆ ಯೂಬಿಸಾಫ್ಟ್ ಇದೇ ಸರಣಿಯ ಎರಡನೇ ಆಟಕ್ಕೆ ಆಫ್‌ಲೈನ್ ವ್ಯವಸ್ಥೆ ಮಾಡಿಕೊಟ್ಟಿತು. ಮೊದಲನೆಯದನ್ನು ಕೊಂಡವರಿಗೆ ಅದರಿಂದ ಸಿಕ್ಕಿದ್ದು ಏನೂ ಇಲ್ಲ.

ಇದೇ ಕಂಪನಿಗೆ ಹೆಸರು ತಂದುಕೊಟ್ಟ ಆಟಗಳಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಒಂದು. ಅದರ ಹೊಸ ಅವತಾರವನ್ನು ಯೂಬಿಸಾಫ್ಟ್ ತಂದದ್ದು 2003ರಲ್ಲಿ. ಮೂಲ ಆಟ 1989ರದ್ದು, ಜೋರ್ಡನ್ ಮೆಕ್ನರ್ ಎಂಬ ಯುವಕ ಆ್ಯಪಲ್ 2 ಕಂಪ್ಯೂಟರಿನಲ್ಲಿ ಬರೆದದ್ದು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಕಂಪ್ಯೂಟರ್ ಕಂಡ ತಲೆಮಾರಿಗೆ ಅದರ ಮುಳ್ಳಿನ ಗುಂಡಿಗಳು, ಕಾಲಿಟ್ಟರೆ ಕುಸಿಯುವ ಹಾಸುಗಲ್ಲುಗಳು ಚೆನ್ನಾಗಿ ನೆನಪಿವೆ. ಆ ಆಟದ ಮೂಲ ಕೋಡ್ ಕಳೆದೇಹೋಗಿದೆ ಎಂದು ಮೆಕ್ನರ್ ಭಾವಿಸಿದ್ದರು. 2012ರಲ್ಲಿ ಅವರ ತಂದೆ ಮನೆ ಚೊಕ್ಕಟ ಮಾಡುವಾಗ ಪೆಟ್ಟಿಗೆಯೊಂದರಲ್ಲಿ ಹಳೆಯ ಫ್ಲಾಪಿಗಳು ಸಿಕ್ಕವು. ಹಳೇ ಯಂತ್ರಗಳನ್ನು ಬಲ್ಲವರು ಬಂದು, ಆ ಫ್ಲಾಪಿಗಳಿಂದ ಮಾಹಿತಿ ಹೊರತೆಗೆದರು. ಮೆಕ್ನರ್ ಅದನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ಒಬ್ಬ ತಂದೆ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ ಒಂದು ಇತಿಹಾಸ ಉಳಿಯಿತು. ಎಲ್ಲವೂ ಕಂಪನಿಯ ಸರ್ವರಿನಲ್ಲೇ ಇರುವ ಇಂದಿನ ಆಟಗಳಿಗೆ ಅಂಥ ಪೆಟ್ಟಿಗೆಯೇ ಇಲ್ಲ.

ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕೆ ಮೊದಲು ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದಿಲ್ಲ ಎಂದು ಅದು ಕಂಡುಕೊಂಡಿತು. ಗ್ರಂಥಾಲಯಗಳಾದರೂ ಇವನ್ನು ಸಂಶೋಧಕರಿಗೆ ದೂರದಿಂದ ನೋಡಲು ಕೊಡಲಿ ಎಂಬ ಬೇಡಿಕೆಯನ್ನು ಉದ್ಯಮದ ಒಕ್ಕೂಟ ವಿರೋಧಿಸಿತು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಬೇಡಿಕೆಯನ್ನು ತಳ್ಳಿಹಾಕಿತು. ತಾವೂ ಮಾರುವುದಿಲ್ಲ, ಕಾಪಾಡುವವರಿಗೂ ಕೊಡುವುದಿಲ್ಲ. ಕನ್ನಡಿಗರಾದ ನಮಗೆ ಇದರ ನೋವು ಬೇಗ ಅರ್ಥವಾಗಬೇಕು. 1934ರ ‘ಸತಿ ಸುಲೋಚನ’, ನಮ್ಮ ಮೊದಲ ವಾಕ್ಚಿತ್ರ, ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅಂದಿನವರಿಗೆ ಸಿನಿಮಾ ಉಳಿಸಬೇಕಾದ ವಸ್ತು ಎಂಬ ತಿಳಿವಳಿಕೆಯೇ ಇರಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ನಮ್ಮ ಹಿರಿಯರು ತಿಳಿಯದೆ ಕಳೆದುಕೊಂಡರು. ಇಂದಿನ ಗೇಮ್ ಕಂಪನಿಗಳು ತಿಳಿದೇ, ದಿನಾಂಕ ಗೊತ್ತುಮಾಡಿ, ಪ್ರಕಟಣೆ ಹೊರಡಿಸಿ ಅಳಿಸುತ್ತಿವೆ.

ಆಟ ಎಂದರೆ ಅಷ್ಟೇನೂ ಗಂಭೀರ ವಿಷಯವಲ್ಲ, ಅದಕ್ಕೆ ಇಷ್ಟೊಂದು ಮಾತು ಏಕೆ ಎಂದು ಕೇಳುವವರಿದ್ದಾರೆ. ಅವರು ಒಮ್ಮೆ ಬೆಂಗಳೂರಿನ ಸ್ಟುಡಿಯೊಗಳ ಕಡೆ ನೋಡಲಿ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. ಅದರ ಕಲಾವಿದರು ಜಗತ್ತಿನ ದೊಡ್ಡ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಆಯುಧಗಳನ್ನು ರೂಪಿಸಿದ್ದಾರೆ. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡು ತನ್ನ ಬೆಂಗಳೂರು ಶಾಖೆಯೊಳಗೆ ಸೇರಿಸಿಕೊಂಡಿತು. ಒಂದು ಕಾರಿನ ಬಾಗಿಲ ಹಿಡಿಕೆ, ಗೋಡೆಯ ಮೇಲಿನ ಮಳೆಯ ಕಲೆ, ಅಂಗಡಿಯ ಬೋರ್ಡಿನ ತುಕ್ಕು: ಇಂಥವನ್ನು ತಿದ್ದಿ ತೀಡುತ್ತ ತಿಂಗಳುಗಟ್ಟಲೆ ಕೂರುವ ಹುಡುಗ ಹುಡುಗಿಯರು ಈ ಊರಲ್ಲಿದ್ದಾರೆ. ಆಟದ ಕೊನೆಯಲ್ಲಿ ಸಾವಿರಾರು ಹೆಸರುಗಳ ನಡುವೆ ಅವರದ್ದೂ ಒಂದು ಹಾದುಹೋಗುತ್ತದೆ. ಆಟವೇ ಅಳಿಸಿಹೋದರೆ ಅವರ ಕೆಲಸಕ್ಕೆ ಸಾಕ್ಷಿ ಎಲ್ಲಿ? ಇಮಾರತು ಕಟ್ಟಿದ ಮೇಸ್ತ್ರಿ ಮಗನಿಗೆ ಅದನ್ನು ತೋರಿಸಬಲ್ಲ. ಸರ್ವರಿಗೆ ಕಟ್ಟಿಹಾಕಿದ ಆಟಕ್ಕೆ ದುಡಿದವರಿಗೆ ಆ ಭಾಗ್ಯವೂ ಇಲ್ಲ.

ದುಡಿದವರನ್ನು ಉದ್ಯಮ ನಡೆಸಿಕೊಳ್ಳುವ ರೀತಿಯೂ ಇದಕ್ಕಿಂತ ಬೇರೆಯಲ್ಲ. ಮೈಕ್ರೋಸಾಫ್ಟ್ 6,870 ಕೋಟಿ ಡಾಲರ್ ಕೊಟ್ಟು ಆ್ಯಕ್ಟಿವಿಷನ್ ಬ್ಲಿಜಾರ್ಡ್ ಕಂಪನಿಯನ್ನು ಕೊಂಡದ್ದು 2023ರ ಅಕ್ಟೋಬರಿನಲ್ಲಿ. ನಾಲ್ಕು ತಿಂಗಳು ಕಳೆಯುವ ಮೊದಲೇ ತನ್ನ ಗೇಮ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಎಲ್ಲರೂ ಮೆಚ್ಚಿದ ‘ಹೈ-ಫೈ ರಶ್’ ಆಟ ಮಾಡಿದ ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ ಸ್ಟುಡಿಯೊವನ್ನು ಮುಚ್ಚುವುದಾಗಿ 2024ರ ಮೇ ತಿಂಗಳಲ್ಲಿ ಸಾರಿತು. ಕೊರಿಯಾದ ಕ್ರಾಫ್ಟನ್ ಕಂಪನಿ ಆಮೇಲೆ ಅದನ್ನು ಕೈಹಿಡಿದು ಎತ್ತಿತು. ಆಟವಾಗಲಿ, ಆಟ ಕಟ್ಟಿದವರಾಗಲಿ, ಈ ತ್ರೈಮಾಸಿಕದ ಲೆಕ್ಕಕ್ಕೆ ಬೇಡವಾದರೆ ಇರುವುದೇ ಬೇಡ ಎಂಬ ಒಂದೇ ಬುದ್ಧಿ ಎರಡು ಕಡೆ ಕೆಲಸ ಮಾಡುತ್ತಿದೆ.

ಇನ್ನು ನನ್ನ ಕಸುಬಿನವರ ಮಾತು. ಗೇಮ್ ಪತ್ರಿಕೋದ್ಯಮ ಈ ವಿಷಯದಲ್ಲಿ ಓದುಗರ ಪರ ನಿಲ್ಲಲಿಲ್ಲ. ನಮ್ಮ ವಿಮರ್ಶೆಗಳೆಲ್ಲ ಬಿಡುಗಡೆಯ ವಾರಕ್ಕೆ ಸೀಮಿತ. ಕಂಪನಿ ಮುಂಚಿತವಾಗಿ ಕೊಟ್ಟ ಪ್ರತಿಯನ್ನು ಆಡಿ, ಕಂಪನಿ ಹೇಳಿದ ಗಂಟೆಗೆ ಪ್ರಕಟಿಸಿ, ಅಂಕ ಕೊಟ್ಟು ಮುಂದಿನ ಆಟಕ್ಕೆ ಹೋಗುವುದು ರೂಢಿ. ಇದರ ಅಪಾಯ 2020ರ ಡಿಸೆಂಬರಿನಲ್ಲಿ ‘ಸೈಬರ್‌ಪಂಕ್ 2077’ ಬಂದಾಗ ಬಟಾಬಯಲಾಯಿತು. ವಿಮರ್ಶಕರಿಗೆ ಮೊದಲೇ ಸಿಕ್ಕಿದ್ದು ಕಂಪ್ಯೂಟರಿನ ಆವೃತ್ತಿ ಮಾತ್ರ. ವಿಡಿಯೊ ವಿಮರ್ಶೆಯಲ್ಲಿ ಕಂಪನಿಯೇ ಕೊಟ್ಟ ದೃಶ್ಯಗಳನ್ನಷ್ಟೇ ಬಳಸಬೇಕು ಎಂಬ ಷರತ್ತೂ ಇತ್ತು. ಹೊಗಳಿಕೆ ಹರಿಯಿತು. ಆಟ ಹಳೆಯ ಪ್ಲೇಸ್ಟೇಷನ್ 4ರಲ್ಲಿ ಮುಗ್ಗರಿಸುತ್ತಿದೆ ಎಂದು ಜನಕ್ಕೆ ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ. ಹೆಚ್ಚುಕಡಿಮೆ ಒಂದು ವಾರದಲ್ಲಿ ಸೋನಿ ಆ ಆಟವನ್ನು ತನ್ನ ಅಂಗಡಿಯಿಂದಲೇ ತೆಗೆದುಹಾಕಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತೆ, ಬಿಡುಗಡೆಯ ವಾರ ದಾಟಿದ ಮೇಲೆ ಓದುಗನ ಹಂಗು ಪತ್ರಿಕೆಗಳಿಗೆ ಇಲ್ಲದಂತಾಗಿದೆ. ಒಂಬತ್ತು ಅಂಕ ಪಡೆದ ಆಟ ಐದು ವರ್ಷದ ಬಳಿಕ ಓಡುತ್ತದೆಯೇ ಎಂದು ಮರಳಿ ನೋಡುವವರು ಎಷ್ಟು ಮಂದಿ?

ನೆನಪು ಅಳಿಸುವ ಈ ಚಾಳಿ ಪತ್ರಿಕೆಗಳನ್ನೂ ಬಿಟ್ಟಿಲ್ಲ. 1991ರಲ್ಲಿ ಶುರುವಾದ ‘ಗೇಮ್ ಇನ್ಫಾರ್ಮರ್’ ಪತ್ರಿಕೆಯನ್ನು ಅದರ ಮಾಲೀಕ ಗೇಮ್‌ಸ್ಟಾಪ್ ಕಂಪನಿ 2024ರ ಆಗಸ್ಟ್ 2ರಂದು ಮುಚ್ಚಿತು. ಅಂದೇ ಅದರ ಜಾಲತಾಣದ ಲೇಖನಗಳೆಲ್ಲ ಮರೆಯಾಗಿ ಒಂದು ವಿದಾಯದ ಪುಟ ಮಾತ್ರ ಉಳಿಯಿತು. ಮುಂದಿನ ವರ್ಷ ಹೊಸ ಮಾಲೀಕರ ಕೈಯಲ್ಲಿ ಪತ್ರಿಕೆ ಮರಳಿತು ನಿಜ. ಮಾಲೀಕನ ಒಂದು ತೀರ್ಮಾನಕ್ಕೆ ಮೂರು ದಶಕದ ಬರವಣಿಗೆ ಕಣ್ಣಿಂದ ಮರೆಯಾಗಬಹುದು ಎಂಬುದನ್ನು ಆ ದಿನ ಕಂಡ ಪತ್ರಕರ್ತರಿಗೆ ಆಟಗಾರರ ಸಂಕಟ ಇನ್ನಾದರೂ ಅರ್ಥವಾಗಬೇಕು. ಪ್ರತಿ ವಿಮರ್ಶೆಯಲ್ಲೂ ಅಂಕದ ಪಕ್ಕದಲ್ಲೇ ಒಂದು ಸಾಲು ಇರಬೇಕು ಎಂಬುದು ನನ್ನ ಒತ್ತಾಯ: ಈ ಆಟ ನೆಟ್ ಇಲ್ಲದೆ ನಡೆಯುತ್ತದೆಯೇ, ಸರ್ವರ್ ನಿಂತ ದಿನ ಕೊಂಡವರ ಗತಿ ಏನು ಎಂದು ಕಂಪನಿ ಹೇಳಿದೆಯೇ? ಹೇಳದಿದ್ದರೆ ಹೇಳಿಲ್ಲ ಎಂದೇ ಬರೆಯಬೇಕು. ಅಂಥ ಆಟಕ್ಕೆ ಪೂರ್ತಿ ಅಂಕ ಕೊಡುವುದನ್ನು ನಿಲ್ಲಿಸಬೇಕು.

ಜನ ಸುಮ್ಮನೆ ಕೂತಿಲ್ಲ. ‘ದಿ ಕ್ರೂ’ ಮುಚ್ಚಿದ ಬೆನ್ನಿಗೇ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನ ಶುರುಮಾಡಿದರು. ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಗೆ ಬೇಕಾದ ಹತ್ತು ಲಕ್ಷ ಸಹಿಗಳ ಗಡಿ 2025ರ ಜುಲೈನಲ್ಲಿ ದಾಟಿತು. ಬ್ರಿಟನ್ ಸಂಸತ್ತಿನಲ್ಲಿ ಅದೇ ವರ್ಷ ನವೆಂಬರಿನಲ್ಲಿ ಚರ್ಚೆ ನಡೆಯಿತು. ಕಾನೂನು ಬದಲಿಸುವ ಯೋಚನೆ ಇಲ್ಲ ಎಂದು ಅಲ್ಲಿನ ಸರ್ಕಾರ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಾದ ಕಾನೂನಿನಂತೆ, ಡಿಜಿಟಲ್ ವಸ್ತು ಮಾರುವವರು ತಾವು ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಹಣ ಕಟ್ಟುವ ಮುನ್ನ ಈಗ ಅಂಥದೊಂದು ಸಾಲು ಕಾಣುತ್ತದೆ. ಇದು ಸಾಲದು. ಕಿತ್ತುಕೊಳ್ಳುತ್ತೇನೆ ಎಂದು ಮೊದಲೇ ಹೇಳಿದ ಮಾತ್ರಕ್ಕೆ ಕಿತ್ತುಕೊಳ್ಳುವುದು ನ್ಯಾಯವಾಗುವುದಿಲ್ಲ.

ಉದ್ಯಮದ ಯುರೋಪಿನ ಒಕ್ಕೂಟ ತನ್ನ ವಾದವನ್ನು ಮುಂದಿಟ್ಟಿದೆ. ಆಟಗಾರರ ಸರ್ವರ್‌ಗಳಲ್ಲಿ ಮಾಹಿತಿಯ ಸುರಕ್ಷತೆಗೆ, ಅಕ್ರಮ ವಿಷಯಗಳ ತಡೆಗೆ ಹೊಣೆ ಯಾರು, ಇಂಥ ನಿಯಮ ಬಂದರೆ ಆಟ ಕಟ್ಟುವ ಖರ್ಚು ವಿಪರೀತ ಏರುತ್ತದೆ ಎಂಬುದು ಅದರ ಸಾರ. ಸಾವಿರಾರು ಜನ ಒಟ್ಟಿಗೆ ಸೇರುವ ಬೃಹತ್ ಆನ್‌ಲೈನ್ ಲೋಕಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಸರ್ವರನ್ನು ಎಂದೆಂದಿಗೂ ನಡೆಸಿ ಎಂದು ಯಾರೂ ಕೇಳುತ್ತಿಲ್ಲ. ಬಾಗಿಲು ಹಾಕುವಾಗ ಆಟ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದಷ್ಟೇ ಬೇಡಿಕೆ. ಇನ್ನು ಮುಂದೆ ಬರುವ ಆಟಗಳಿಗೆ ಮೊದಲ ದಿನವೇ ಈ ಲೆಕ್ಕ ಹಾಕಿಕೊಂಡರೆ ಖರ್ಚು ಕೈಮೀರುವುದಿಲ್ಲ. ನೆಟ್ ಇಲ್ಲದೆ ಓಡುವ ಪ್ರತಿಗಳನ್ನೇ ಮಾರುತ್ತ ಪೋಲೆಂಡಿನ ಜಿಒಜಿ ಅಂಗಡಿ 2008ರಿಂದ ವ್ಯಾಪಾರ ಮಾಡುತ್ತಿದೆ.

ನಮ್ಮ ಸರ್ಕಾರದ ಗಮನ ಇನ್ನೂ ಇತ್ತ ಬಿದ್ದಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಜೂಜಿನ ಹಾವಳಿ ಕಂಡವರು ಅದನ್ನು ಸ್ವಾಗತಿಸಿದ್ದು ಸಹಜ. ಆದರೆ ಕೊಂಡ ಆಟದ ಮೇಲೆ ಕೊಂಡವನಿಗೆ ಏನು ಹಕ್ಕು ಎಂಬ ಪ್ರಶ್ನೆಯನ್ನು ಅದು ಎತ್ತಿಕೊಂಡಿಲ್ಲ. ಈ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಗೊತ್ತಾದ ಗ್ರಂಥಾಲಯಗಳಿಗೂ ಕಳಿಸಬೇಕೆಂಬ ಕಾನೂನು 1954ರಿಂದಲೇ ಇದೆ. ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿ ಎಂದೇ ಪರಿಗಣಿಸಿ ನಮ್ಮ ಕೃತಿಸ್ವಾಮ್ಯ ಕಾಯ್ದೆ ರಕ್ಷಣೆ ಕೊಡುತ್ತದೆ. ಕೃತಿಯೆಂದು ಕಂಪನಿಗೆ ರಕ್ಷಣೆ ಕೊಡುವ ದೇಶಕ್ಕೆ, ಕೃತಿಯೆಂದು ಒಂದು ಪ್ರತಿ ಕೇಳುವ ಅಧಿಕಾರವೂ ಇರಬೇಕು. ಗೇಮಿಂಗ್ ಮತ್ತು ಅನಿಮೇಷನ್‌ಗೆಂದೇ ನೀತಿ ರೂಪಿಸಿ, ಸ್ಟುಡಿಯೊಗಳನ್ನು ಕೈಬೀಸಿ ಕರೆಯುತ್ತಿರುವ ಕರ್ನಾಟಕ ಸರ್ಕಾರ ಇಲ್ಲಿ ತಯಾರಾಗುವ ಆಟಗಳಿಗಾದರೂ ಒಂದು ಸಂಗ್ರಹಾಲಯ ತೆರೆಯಬೇಕು. ರಿಯಾಯಿತಿ, ಅನುದಾನ ಪಡೆಯುವ ಸ್ಟುಡಿಯೊ ತನ್ನ ಸ್ವಂತ ಆಟದ ಓಡುವ ಪ್ರತಿಯೊಂದನ್ನು ಅಲ್ಲಿ ಒಪ್ಪಿಸಬೇಕೆಂಬ ಷರತ್ತು ಹಾಕಲು ಹೊಸ ಕಾನೂನೂ ಬೇಕಿಲ್ಲ.

ಓದುಗರಿಗೆ ಒಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಒಪ್ಪಂದಗಳನ್ನು ಹೆಸರಿಸಿ ಹೇಳುತ್ತದೆ. ತಕ್ಕ ಕಾರಣವಿಲ್ಲದೆ ಒಂದು ಪಕ್ಷ ತಾನೇ ತಾನಾಗಿ ಒಪ್ಪಂದ ಮುರಿಯಲು ಅವಕಾಶ ಕೊಡುವ ಷರತ್ತು ಅದರಲ್ಲೊಂದು. ಇಂಥ ದೂರುಗಳನ್ನು ರಾಜ್ಯ ಗ್ರಾಹಕ ಆಯೋಗ ವಿಚಾರಣೆಗೆ ತೆಗೆದುಕೊಳ್ಳಬಹುದು, ನಮ್ಮ ಆಯೋಗ ಬೆಂಗಳೂರಿನಲ್ಲೇ ಇದೆ. ಹಣ ಕೊಟ್ಟು ಕೊಂಡ ಆಟ ನಿಮ್ಮ ಖಾತೆಯಿಂದ ಮಾಯವಾದರೆ ಹಣ ಕಟ್ಟಿದ ರಸೀದಿ, ಕಂಪನಿ ಕಳಿಸಿದ ಇ-ಮೇಲ್, ಪರದೆಯ ಮೇಲೆ ಕಂಡ ಸೂಚನೆಯ ಚಿತ್ರ, ಇಷ್ಟನ್ನು ತೆಗೆದಿಟ್ಟುಕೊಂಡು ದೂರು ಕೊಡಿ.